ಬೆಂಗಳೂರಿಗಿಂತ ಮೊದಲೇ ಟಿ.ವಿ. ಕಂಡ ಹಳ್ಳಿಗಳು

ಕಾಲೇಜುಗಳಲ್ಲಿ ಬಾಹ್ಯಾಕಾಶ ಸಂಶೋಧನೆ ಮತ್ತು ಸಮಾಜ ಕುರಿತು ವಿಚಾರ ಸಂಕಿರಣ ನಡೆದಾಗಲೆಲ್ಲ ಸಭಿಕರ ಕಡೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಕುಡಿಯುವ ನೀರಿಗೇ ಪರದಾಡುವ ದೇಶಕ್ಕೆ ಉಪಗ್ರಹ ಯಾಕೆ ಬೇಕು?’ ವೇದಿಕೆಯಲ್ಲಿರುವವರು ಹವಾಮಾನ ಮುನ್ಸೂಚನೆ, ದೂರವಾಣಿ, ಭೂಪಟ ಎಂದು ಉಪಯೋಗಗಳ ಪಟ್ಟಿ ಕೊಡುತ್ತಾರೆ. ಆದರೆ ಇದೇ ಪ್ರಶ್ನೆಯನ್ನು ಐದು ದಶಕಗಳ ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪ್ರಯೋಗಕ್ಕೇ ಒಡ್ಡಲಾಗಿತ್ತು ಎಂಬುದು ಬಹಳ ಮಂದಿಗೆ ನೆನಪಿಲ್ಲ.

1975ರ ಆಗಸ್ಟ್ 1ರಂದು ಆರಂಭವಾದ ಆ ಪ್ರಯೋಗದ ಚುಟುಕು ಹೆಸರು ‘ಸೈಟ್’. ಉಪಗ್ರಹದ ಮೂಲಕ ಟೆಲಿವಿಷನ್ ಪಾಠ ಅದರ ಉದ್ದೇಶ. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಆಯ್ಕೆಯಾಗಿದ್ದವು. ನಮ್ಮಲ್ಲಿ ಆ ಅವಕಾಶ ದೊರೆತದ್ದು ಆಗಿನ ಗುಲ್ಬರ್ಗಾ, ಬಿಜಾಪುರ ಹಾಗೂ ರಾಯಚೂರು ಜಿಲ್ಲೆಗಳಿಗೆ.

ಆಗ ಬೆಂಗಳೂರಿನಲ್ಲಿ ಟಿ.ವಿ. ಇರಲಿಲ್ಲ. ಅದೇ ವರ್ಷ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಹಾರಿದ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಉಪಗ್ರಹ ಕಟ್ಟಿದ ಊರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಷ್ಟರೊಳಗೆ ಗುಲ್ಬರ್ಗಾ ಸೀಮೆಯ ರೈತರು ಟಿ.ವಿ. ನೋಡಿ ಆರು ವರ್ಷಗಳಾಗಿದ್ದವು.

ಇದು ಆಕಸ್ಮಿಕವಲ್ಲ. ಯಾವ ಹೊಸ ಸೌಲಭ್ಯವೇ ಆದರೂ ಮೊದಲು ಮಹಾನಗರಕ್ಕೆ, ಆಮೇಲೆ ಪಟ್ಟಣಕ್ಕೆ, ಉಳಿದರೆ ಹಳ್ಳಿಗೆ ಎಂಬುದು ವಾಡಿಕೆ. ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಜನಕ ವಿಕ್ರಮ್ ಸಾರಾಭಾಯಿ ಈ ಕ್ರಮವನ್ನೇ ತಲೆಕೆಳಗು ಮಾಡಬಯಸಿದ್ದರು. ಅಮೆರಿಕದ ‘ನಾಸಾ’ ಜತೆ 1969ರಲ್ಲಿ ಒಪ್ಪಂದವಾಯಿತು. ಆದರೆ 1971ರ ಡಿಸೆಂಬರ್‌ನಲ್ಲಿ ತೀರಿಕೊಂಡ ಸಾರಾಭಾಯಿ ಪ್ರಯೋಗವನ್ನು ಕಣ್ಣಾರೆ ಕಾಣಲಿಲ್ಲ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿ ಯಶ್ ಪಾಲ್ ಮತ್ತು ಸಂಗಡಿಗರು ಅದನ್ನು ಕಾರ್ಯರೂಪಕ್ಕೆ ತಂದರು.

ಇದಕ್ಕೆ ಉಪಗ್ರಹವೇ ಏಕೆ? ನೆಲದ ಮೇಲಿನ ಟಿ.ವಿ. ಗೋಪುರದ ತರಂಗಗಳು ಭೂಮಿಯ ದುಂಡುತನದಿಂದಾಗಿ ಹೆಚ್ಚು ದೂರ ಹೋಗಲಾರವು. ದೇಶವಿಡೀ ತಲುಪಬೇಕಾದರೆ ನೂರಾರು ಗೋಪುರಗಳು ಬೇಕು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಭೂಮಿಯ ಜತೆಜತೆಗೇ ತಿರುಗುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅಲ್ಲಿಂದ ಅದು ಇಡೀ ದೇಶಕ್ಕೆ ಒಮ್ಮೆಗೇ ಚಿತ್ರ ಕಳಿಸಬಲ್ಲದು. ಅಂಥ ಉಪಗ್ರಹ ನಮ್ಮಲ್ಲಿ ಇರಲಿಲ್ಲ. ನಾಸಾ ತನ್ನ ‘ಎಟಿಎಸ್-6’ ಅನ್ನು ಒಂದು ವರ್ಷದ ಮಟ್ಟಿಗೆ ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ ತಂದು ನಿಲ್ಲಿಸಿತು.

ಬಾಹ್ಯಾಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ ಒಂಬತ್ತು ಮೀಟರ್ ಅಗಲದ ಆಂಟೆನಾ ಅದರಲ್ಲಿತ್ತು. ಮೇಲಿನಿಂದ ಬರುವ ಸಂಕೇತ ಬಲವಾಗಿದ್ದುದರಿಂದ ಕೆಳಗೆ ದುಬಾರಿ ಸಲಕರಣೆ ಬೇಕಾಗಲಿಲ್ಲ. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ತಟ್ಟೆಯೊಂದನ್ನು ಶಾಲೆಯ ಬಳಿಯೋ ಪಂಚಾಯಿತಿ ಕಟ್ಟಡದ ಬಳಿಯೋ ನಿಲ್ಲಿಸಿದರೆ ಸಾಕಾಗಿತ್ತು. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಸೆಟ್ಟುಗಳು ಬ್ಯಾಟರಿಯಿಂದ ನಡೆದವು.

ದಿನಕ್ಕೆ ಒಟ್ಟು ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮತ್ತು ಒಂದಿಷ್ಟು ಮನರಂಜನೆ. ಕನ್ನಡ, ತೆಲುಗು, ಒರಿಯಾ, ಹಿಂದಿ ಭಾಷೆಗಳು ಸಮಯ ಹಂಚಿಕೊಂಡವು. ಒಂದು ಚಿತ್ರದ ಜತೆ ಎರಡು ಭಾಷೆಗಳ ಧ್ವನಿ ಕಳಿಸುವ ಅನುಕೂಲವೂ ಇತ್ತು. ಕನ್ನಡ ನಾಡಿನಲ್ಲಿ ಟಿ.ವಿ. ಸ್ಟುಡಿಯೋ ಇಲ್ಲದ್ದರಿಂದ ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾದವು.

ಪರಿಣಾಮವೇನು? ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲಿಯೇ ಉಳಿದು ಅಧ್ಯಯನ ನಡೆಸಿದರು. ಆರೋಗ್ಯ, ಪೌಷ್ಟಿಕ ಆಹಾರದಂಥ ವಿಷಯಗಳಲ್ಲಿ ಹೆಚ್ಚು ಕಲಿತವರು ಅಕ್ಷರ ಬಾರದವರು, ಅದರಲ್ಲೂ ಹೆಂಗಸರು ಎಂದು ತಿಳಿದುಬಂತು. ಪತ್ರಿಕೆ ಓದಲಾಗದವರಿಗೆ, ಸಿನಿಮಾ ಮಂದಿರ ಕಾಣದವರಿಗೆ ಅದು ಹೊರಜಗತ್ತಿನ ಮೊದಲ ಕಿಟಕಿಯಾಗಿತ್ತು. ಆದರೆ ಟಿ.ವಿ. ಬಂತೆಂದು ಶಾಲೆಯ ಹಾಜರಾತಿಯೇನೂ ಗಮನಾರ್ಹವಾಗಿ ಏರಲಿಲ್ಲ. ದನ ಕಾಯಲು ಹೋಗಬೇಕಾದ ಹುಡುಗನನ್ನು ತರಗತಿಗೆ ತರುವ ಶಕ್ತಿ ಉಪಗ್ರಹಕ್ಕಿಲ್ಲವಷ್ಟೆ!

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎರವಲು ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ತಲೆಯೆತ್ತಿತಾದರೂ ಅದರ ವ್ಯಾಪ್ತಿಯ ಆಚೆಗಿನ ಹಳ್ಳಿಗಳಿಗೆ ಅದರಿಂದ ಪ್ರಯೋಜನವಿರಲಿಲ್ಲ. ಭಾರತದ್ದೇ ಆದ ‘ಇನ್ಸಾಟ್-1ಬಿ’ 1983ರಲ್ಲಿ ಮೇಲೇರಿತು. ಅಷ್ಟರಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಸಂಭ್ರಮದಲ್ಲಿ ಬಣ್ಣದ ಟಿ.ವಿ. ಬಂದಾಗಿತ್ತು. ಪಟ್ಟಣಗಳಲ್ಲಿ ಗೋಪುರಗಳು ಎದ್ದವು, ಧಾರಾವಾಹಿ ಮತ್ತು ಜಾಹೀರಾತು ತೆರೆ ತುಂಬಿದವು. ಸಾರಾಭಾಯಿ ತಿರುಗಿಸಿದ್ದ ಕ್ರಮ ಮತ್ತೆ ಮೊದಲಿನಂತಾಯಿತು.

ಹಳೆಯ ಆಶಯ ಪೂರ್ತಿ ಅಳಿಯಲಿಲ್ಲ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ‘ಎಡುಸ್ಯಾಟ್’ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠ ತಲುಪಿಸಿತು. 2010ರಲ್ಲಿ ಅದರ ಸೇವೆಯೂ ಮುಗಿಯಿತು.

ಉಪಗ್ರಹ ಹಳ್ಳಿಯ ಕಟ್ಟಕಡೆಯ ಮನೆಗೂ ಮುಟ್ಟಬಲ್ಲದು ಎಂಬುದು ತಂತಿಬಲೆಯ ಆ ತಟ್ಟೆಗಳಿಂದಲೇ ಸಾಬೀತಾಗಿದೆ. ಅದರ ಮೂಲಕ ಯಾರಿಗೆ ಮೊದಲು, ಏನನ್ನು ಕಳಿಸಬೇಕು ಎಂಬುದನ್ನು ಮಾತ್ರ ನೆಲದ ಮೇಲಿರುವವರೇ ತೀರ್ಮಾನಿಸಬೇಕು. ಸಂಕಿರಣಗಳಲ್ಲಿ ಕೇಳಬೇಕಾದ ಪ್ರಶ್ನೆ ಬಹುಶಃ ಅದು.