ತಾಜಿಮಾದ ತಾಯಿಹಸುಗಳು

ಕೋಬೆ ಬೀಫ್ ಎಂಬ ಹೆಸರು ಲೋಕಪ್ರಸಿದ್ಧ. ಆ ಹೆಸರನ್ನು ಹೊತ್ತು ನಿಂತಿರುವುದು ಜಪಾನಿನ ಗುಡ್ಡಗಾಡಿನ ಸಣ್ಣ ಸಣ್ಣ ಕೊಟ್ಟಿಗೆಗಳು. ಕರು ಹಾಕಿಸುತ್ತ, ವಂಶಾವಳಿ ಬರೆದಿಡುತ್ತ, ಹೊರಗಿನ ರಕ್ತ ಸೇರದಂತೆ ಕಾದುಕೊಂಡು ಬಂದ ರೈತ ಕುಟುಂಬಗಳ ಪರಿಚಯ ಇಲ್ಲಿದೆ.

ಹಸುವನ್ನು ಮಾಂಸಕ್ಕೆಂದು ಸಾಕುವ ಮಾತು ಬಂದರೆ ನಮ್ಮಲ್ಲಿ ಅನೇಕರ ಮನಸ್ಸು ಹಿಂಜರಿಯುತ್ತದೆ. ಜಪಾನೀಯರ ಮನಸ್ಸೂ ಸಾವಿರ ವರ್ಷಕ್ಕೂ ಮಿಕ್ಕಿ ಹಾಗೆಯೇ ಹಿಂಜರಿದಿತ್ತು. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ಬೇಸಾಯದ ತಿಂಗಳುಗಳಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಬೌದ್ಧ ಧರ್ಮದ ಪ್ರಭಾವ ಒಂದು ಕಡೆ, ಉಳುವ ದನ ಉಳಿಯಬೇಕೆಂಬ ಲೆಕ್ಕಾಚಾರ ಇನ್ನೊಂದು ಕಡೆ. ಅಲ್ಲಲ್ಲಿ ಔಷಧಿಯ ನೆಪದಲ್ಲಿ ತಿಂದವರಿದ್ದರೂ ರೈತನ ಮನೆಯ ದನ ಊಟದ ವಸ್ತುವಾಗಿರಲಿಲ್ಲ. 1868ರಲ್ಲಿ ಕೋಬೆ ಬಂದರು ವಿದೇಶಿ ಹಡಗುಗಳಿಗೆ ತೆರೆದುಕೊಂಡಿತು. 1872ರಲ್ಲಿ ಮೇಜಿ ಚಕ್ರವರ್ತಿ ತಾನೇ ದನದ ಮಾಂಸ ತಿಂದ ಸುದ್ದಿ ಹೊರಬಿತ್ತು. ಅಲ್ಲಿಂದ ಮುಂದೆ ಹಳೆಯ ಕಟ್ಟು ಸಡಿಲವಾಯಿತು.

ಬಂದರಿನ ವಿದೇಶಿಯರು ಮೆಚ್ಚಿ ಹೊಗಳಿದ ಆ ಮಾಂಸ ಕೋಬೆಯದ್ದಾಗಿರಲಿಲ್ಲ. ಹ್ಯೋಗೊ ಪ್ರಾಂತ್ಯದ ದಕ್ಷಿಣ ಕರಾವಳಿಯಲ್ಲಿ ಕೋಬೆ ನಗರವಿದೆ. ಉತ್ತರದಲ್ಲಿ ಜಪಾನ್ ಸಮುದ್ರದ ಕಡೆಗೆ ಇಳಿಯುವ ತಾಜಿಮಾ ಸೀಮೆಯಿದೆ. ಕಡಿದಾದ ಬೆಟ್ಟ, ಇಕ್ಕಟ್ಟಾದ ಕಣಿವೆ, ಮೆಟ್ಟಿಲು ಗದ್ದೆ, ಚಳಿಗಾಲದಲ್ಲಿ ದಾರಿ ಮುಚ್ಚುವಷ್ಟು ಹಿಮ. ಈ ಸೀಮೆಯ ಮಿಕಾತಾ ಜಿಲ್ಲೆಯ ಕಾಮಿ ಮತ್ತು ಶಿನ್‌ಒನ್ಸೆನ್ ಪಟ್ಟಣಗಳ ಸುತ್ತಲಿನ ಹಳ್ಳಿಗಳೇ ತಾಜಿಮಾ ತಳಿಯ ತವರು.

ಒಂದೇ ಸೂರಿನಡಿ

ತಾಜಿಮಾ ದನ ಗಾತ್ರದಲ್ಲಿ ದೊಡ್ಡದಲ್ಲ. ಮೈ ಕಪ್ಪು, ಕೂದಲು ನಯ, ಎಲುಬು ಸಣ್ಣ, ಕಾಲು ಗಟ್ಟಿ. ಅಗಲ ಕಡಿಮೆಯಿರುವ ಮೆಟ್ಟಿಲು ಗದ್ದೆಯಲ್ಲಿ ತಿರುಗಿ ಉಳುವುದಕ್ಕೆ ಇಂಥದ್ದೇ ಬೇಕಿತ್ತು. ಒಂದೊಂದು ಮನೆಯಲ್ಲಿ ಒಂದೋ ಎರಡೋ ಹಸು. ಹಿಮದ ನಾಡಾದ್ದರಿಂದ ಕೊಟ್ಟಿಗೆಯೂ ಮನೆಯ ಸೂರಿನ ಕೆಳಗೇ ಇರುತ್ತಿತ್ತು. ಪಡಸಾಲೆಗೆ ಹೋಗುವ ಮುನ್ನ ದನದ ಮನೆ ದಾಟಬೇಕಿದ್ದ ನಮ್ಮ ಬಯಲುಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಇದು ಹೊಸತೆನಿಸದು.

ಹಸು ಗದ್ದೆ ಉಳುತ್ತಿತ್ತು, ಗೊಬ್ಬರ ಕೊಡುತ್ತಿತ್ತು, ವರ್ಷಕ್ಕೊಂದು ಕರು ಹಾಕುತ್ತಿತ್ತು. ಕರುವನ್ನು ಮಾರಿದ ಹಣ ಆ ಮನೆಯ ಮುಖ್ಯ ನಗದು. ಗದ್ದೆಯ ಹುಲ್ಲು ಹಸುವಿಗೆ, ಹಸುವಿನ ಗೊಬ್ಬರ ಗದ್ದೆಗೆ. ಬದುವಿನ ಹುಲ್ಲು ಕೊಯ್ಯುವುದು, ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಅಟ್ಟುವುದು ನಿತ್ಯದ ಕೆಲಸ. ಇದೇ ಸೀಮೆಯ ಇಜುಶಿ ನದಿಯಲ್ಲಿ 1960ರಲ್ಲಿ ತೆಗೆದ ಒಂದು ಛಾಯಾಚಿತ್ರ ಜಪಾನಿನಲ್ಲಿ ಹೆಸರುವಾಸಿ. ಅದರಲ್ಲಿ ರೈತ ಮಹಿಳೆ, ನೀರಿಗಿಳಿದ ದನಗಳು, ಅವುಗಳ ಪಕ್ಕದಲ್ಲೇ ಬಿಳಿ ಕೊಕ್ಕರೆಗಳು ಇವೆ. 1971ರ ಹೊತ್ತಿಗೆ ನಿಸರ್ಗದಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ ಈ ಕೊಕ್ಕರೆ ಜಪಾನಿನಲ್ಲಿ ಅಳಿದುಹೋಯಿತು. ಪವರ್ ಟಿಲ್ಲರ್ ಬಂದು ದನವೂ ಗದ್ದೆಯಿಂದ ಹೊರಬಿತ್ತು. ಸಾಕಿ ಬೆಳೆಸಿದ ಕೊಕ್ಕರೆಗಳನ್ನು 2005ರಿಂದ ಮತ್ತೆ ಹೊರಗೆ ಬಿಡಲಾಗುತ್ತಿದೆ. ದನ ಉಳಿದದ್ದು ಬೇರೆ ಕಾರಣಕ್ಕೆ: ಅಷ್ಟರಲ್ಲಿ ಅದರ ಮಾಂಸಕ್ಕೆ ಬೆಲೆ ಬಂದಿತ್ತು.

ಬೆರಕೆ ಕಲಿಸಿದ ಪಾಠ

ಆ ಬೆಲೆ ಬರುವ ಮುನ್ನ ತಳಿಯೇ ಇಲ್ಲವಾಗುವುದರಲ್ಲಿತ್ತು. 1900ರ ಆಸುಪಾಸಿನಲ್ಲಿ ಜಪಾನ್ ಸರ್ಕಾರ ಊರ ದನಗಳನ್ನು ‘ಸುಧಾರಿಸಲು’ ಹೊರಟಿತು. ಯುರೋಪಿನಿಂದ ಬ್ರೌನ್ ಸ್ವಿಸ್, ಸಿಮೆಂಟಲ್, ಶಾರ್ಟ್‌ಹಾರ್ನ್ ಮೊದಲಾದ ಹೋರಿಗಳು ಬಂದವು. ಹುಟ್ಟಿದ ಬೆರಕೆ ಕರುಗಳು ಮೈಯಲ್ಲಿ ದೊಡ್ಡವಾದವು, ಹಾಲೂ ಹೆಚ್ಚಾಯಿತು. ಆದರೆ ಮೇವು ಹೆಚ್ಚು ಬೇಕಾಯಿತು, ನಡಿಗೆ ನಿಧಾನವಾಯಿತು, ಮೆಟ್ಟಿಲು ಗದ್ದೆಗೆ ಅವು ಒಗ್ಗಲಿಲ್ಲ, ಮಾಂಸದ ಗುಣವೂ ಕೆಟ್ಟಿತು. ಹತ್ತು ವರ್ಷದೊಳಗೆ ಬೆರಕೆ ದನದ ಬೆಲೆ ಬಿದ್ದುಹೋಯಿತು.

ಹಳೆಯ ತಳಿಗೆ ಮರಳೋಣವೆಂದರೆ ಶುದ್ಧ ಹಸುಗಳು ಎಲ್ಲಿದ್ದವು? ಕಾಮಿ ಪಟ್ಟಣಕ್ಕೆ ಸೇರಿದ ಒಜಿರೊ ಕಣಿವೆಯ ಅತ್ಸುತಾ ಎಂಬ ಒಳನಾಡಿನ ಹಳ್ಳಿಯಲ್ಲಿ ಬೆರಕೆಯಾಗದ ನಾಲ್ಕು ದನಗಳು ಸಿಕ್ಕವು ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ. ದಾರಿ ದುರ್ಗಮವಾಗಿದ್ದರಿಂದ ಸರ್ಕಾರದ ಹೋರಿ ಅಲ್ಲಿಯವರೆಗೆ ತಲುಪಿರಲಿಲ್ಲ. ಬಡ ಹಳ್ಳಿಯ ಹಿಂದುಳಿದಿರುವಿಕೆಯೇ ತಳಿಯನ್ನು ಕಾಯಿತು.

ಒಜಿರೊ ಕಣಿವೆಗೆ ಇನ್ನೊಂದು ಹಿರಿಮೆಯೂ ಇದೆ. 19ನೇ ಶತಮಾನದ ಮೊದಲ ಭಾಗದಲ್ಲಿ ಮಾಯೆದಾ ಶುಸುಕೆ ಎಂಬ ದನಗಾರ ಇಲ್ಲಿ ಒಳ್ಳೆಯ ಹಸುಗಳನ್ನು ಹುಡುಕಿ ಹುಡುಕಿ ಕೊಂಡು, ಒಂದೇ ತಾಯಿಯ ಸಂತತಿಯಲ್ಲಿ ಗುಣ ನಿಲ್ಲುವಂತೆ ತಲೆಮಾರುಗಳನ್ನು ಕಟ್ಟಿದ. ಅವನ ಹೆಸರಿನ ವಂಶ ತಾಜಿಮಾ ತಳಿಯ ಬುಡ. ಅದೇ ಸಾಲಿನಲ್ಲಿ 1939ರಲ್ಲಿ ಒಜಿರೊದಲ್ಲಿ ‘ತಾಜಿರಿ’ ಎಂಬ ಹೋರಿ ಹುಟ್ಟಿತು. ತನ್ನ ಜೀವಮಾನದಲ್ಲಿ ಅದು ಸುಮಾರು ಒಂದೂವರೆ ಸಾವಿರ ಕರುಗಳಿಗೆ ತಂದೆಯಾಯಿತು. ಜಪಾನಿನ ವಾಗ್ಯು ನೋಂದಣಿ ಸಂಸ್ಥೆ ವಂಶಾವಳಿಗಳನ್ನು ಜಾಲಾಡಿ 2012ರಲ್ಲಿ ಹೇಳಿದ ಮಾತು ಬೆರಗು ಹುಟ್ಟಿಸುವಂಥದ್ದು: ತಾಜಿಮಾ ದನವೂ ಸೇರಿದ ಜಪಾನೀಸ್ ಬ್ಲ್ಯಾಕ್ ತಳಿಯ ದೇಶದ ತಾಯಿಹಸುಗಳಲ್ಲಿ ಶೇ 99.9ರಷ್ಟು ಈ ಒಂದು ಹೋರಿಯ ಸಂತತಿ. ವಾಗ್ಯು ಎಂದು ಕರೆಯುವ ಜಪಾನಿನ ನಾಲ್ಕು ದನದ ತಳಿಗಳಲ್ಲಿ ಈ ಕಪ್ಪು ತಳಿಯ ಪಾಲೇ ಶೇ 90ಕ್ಕಿಂತ ಹೆಚ್ಚು.

ಕೊಟ್ಟಿಗೆಯ ಒಂದು ವರ್ಷ

ಜಪಾನಿನ ದನಗಾರಿಕೆಯಲ್ಲಿ ಎರಡು ಪಂಗಡ. ತಾಯಿಹಸು ಸಾಕಿ ಕರು ಹಾಕಿಸಿ ಮಾರುವವರು ಒಂದು. ಆ ಕರುವನ್ನು ಕೊಂಡು ಕೊಬ್ಬಿಸುವವರು ಇನ್ನೊಂದು. ಎರಡನ್ನೂ ಮಾಡುವವರಿದ್ದಾರೆ. ಆದರೆ ತಾಜಿಮಾ ಬೆಟ್ಟಗಳ ಕುಟುಂಬಗಳ ಕಸುಬು ಮೊದಲನೆಯದು.

ಅವರ ವರ್ಷ ಸುತ್ತುವುದು ಬೆದೆಯ ಸುತ್ತ. 21 ದಿನಕ್ಕೊಮ್ಮೆ ಬರುವ ಬೆದೆಯನ್ನು ಗುರುತಿಸಿದರೆ ಗಬ್ಬ, ತಪ್ಪಿದರೆ ಮತ್ತೆ ಮೂರು ವಾರದ ಮೇವು ದಂಡ. ಇಂದು ಗಬ್ಬ ಕಟ್ಟಿಸುವುದು ಬಹುಪಾಲು ಕೃತಕ ಗರ್ಭಧಾರಣೆಯಿಂದ. ಹೋರಿಗಳನ್ನು ಸಾಕಿ ವೀರ್ಯ ಶೇಖರಿಸುವುದು ಪ್ರಾಂತ್ಯ ಸರ್ಕಾರದ ಕೇಂದ್ರ. ಬಳಕೆಯಲ್ಲಿರುವ ಹೋರಿಗಳ ಸಂಖ್ಯೆ ಬೆರಳೆಣಿಕೆಯದ್ದು. ಯಾವ ಹಸುವಿಗೆ ಯಾವ ಹೋರಿ ಎಂಬ ತೀರ್ಮಾನದಲ್ಲೇ ರೈತನ ಜಾಣ್ಮೆಯೆಲ್ಲ ಇದೆ. ಮೈಕಟ್ಟು ಚಿಕ್ಕದಾದ ಹಸುವಿಗೆ ಬೆಳವಣಿಗೆ ಕೊಡುವ ಹೋರಿ, ಮಾಂಸದಲ್ಲಿ ಕೊಬ್ಬಿನ ಹೆಣಿಗೆ ಕಡಿಮೆಯಿರುವ ಸಾಲಿಗೆ ಅದನ್ನು ತುಂಬುವ ಹೋರಿ. ಜತೆಗೆ ಎರಡೂ ತೀರ ಹತ್ತಿರದ ಬಳಗವಾಗಬಾರದು.

ಗಬ್ಬದ ಅವಧಿ ಸುಮಾರು 285 ದಿನ. ಈಯುವ ರಾತ್ರಿ ಕೊಟ್ಟಿಗೆಯಲ್ಲಿ ಒಬ್ಬರು ಎಚ್ಚರವಿರಬೇಕು. ಈಗ ಅನೇಕರು ಕ್ಯಾಮೆರಾ ಹಾಕಿಸಿಕೊಂಡಿದ್ದಾರೆ. ತಾಜಿಮಾ ಕರು 30 ಕಿಲೊ ಆಸುಪಾಸಿನ ಸಣ್ಣ ಕರು. ತಾಯಿಗೆ ಹಾಲು ಕಡಿಮೆ. ಗಿಣ್ಣು ಕುಡಿಸುವುದು, ಬಾಟಲಿ ಹಾಲು ಕೊಡುವುದು, ಭೇದಿಯಾಗದಂತೆ ನೋಡಿಕೊಳ್ಳುವುದು, ಹಿಮದ ತಿಂಗಳುಗಳಲ್ಲಿ ಬೆಚ್ಚಗಿಡುವುದು ಎಲ್ಲವೂ ಮನೆಮಂದಿಯ ಕೈಯ ಕೆಲಸ. ಕರುವಿನ ಮೈ ಉಜ್ಜಿ, ಹಗ್ಗ ಹಿಡಿದರೆ ಹಿಂದೆ ಬರುವಂತೆ ಪಳಗಿಸುತ್ತಾರೆ. ಎಂಟೊಂಬತ್ತು ತಿಂಗಳಾದಾಗ ಅದು ಯಾಬು ಪಟ್ಟಣದ ಜಾನುವಾರು ಸಂತೆಗೆ ಹೊರಡುತ್ತದೆ. ಎಲ್ಲ ಕರುಗಳೂ ಹೋಗುವುದಿಲ್ಲ. ಗುಣವಂತ ಕಡಸೊಂದನ್ನು ಮಾರದೆ ಉಳಿಸಿಕೊಳ್ಳುವುದು ಕೈಗೆ ಬರುವ ಹಣವನ್ನು ಬಿಟ್ಟಂತೆ. ಹಾಗೆ ಬಿಟ್ಟವರಿಂದಲೇ ತಳಿ ಮುಂದುವರಿದಿದೆ.

ಮೂಗಿನ ಗುರುತು, ಮೂರು ತಲೆಮಾರಿನ ಕಾಗದ

ಕರು ಮಾರುಕಟ್ಟೆಗೆ ಬರುವಾಗ ಅದರ ಜತೆ ನೋಂದಣಿ ಪತ್ರವೂ ಬರುತ್ತದೆ. ತಂದೆ, ತಾಯಿಯ ತಂದೆ, ಅಜ್ಜಿಯ ತಂದೆ ಹೀಗೆ ಮೂರು ತಲೆಮಾರಿನ ಹೆಸರುಗಳು ಅದರಲ್ಲಿರುತ್ತವೆ. ಹರಾಜು ಕೂಗುವವರು ಕರುವಿನ ಮೈಯಷ್ಟೇ ಗಮನವಿಟ್ಟು ಈ ಹೆಸರುಗಳನ್ನೂ ಓದುತ್ತಾರೆ. ಪತ್ರದಲ್ಲಿ ಕರುವಿನ ಮೂಗಿನ ಅಚ್ಚೂ ಇರುತ್ತದೆ. ಮನುಷ್ಯರ ಬೆರಳಚ್ಚಿನಂತೆ ದನದ ಮೂಗಿನ ಗೆರೆಗಳು ಒಂದಕ್ಕೊಂದು ಹೋಲುವುದಿಲ್ಲ. ಮೂಗಿಗೆ ಮಸಿ ಸವರಿ ಕಾಗದಕ್ಕೆ ಒತ್ತಿದರೆ ಜೀವಮಾನದ ಗುರುತು ಸಿದ್ಧ.

ಮಿಕಾತಾದಲ್ಲಿ ದನಗಳ ದಫ್ತರ ಇಡುವ ಪದ್ಧತಿ 19ನೇ ಶತಮಾನದ ಕೊನೆಯ ವೇಳೆಗೇ ಶುರುವಾಗಿತ್ತು. ಜಪಾನಿನಲ್ಲಿ ಇದು ಬಹಳ ಮೊದಲಿನದು. 2001ರಲ್ಲಿ ಜಪಾನಿನಲ್ಲಿ ಹುಚ್ಚು ಹಸು ರೋಗದ ಮೊದಲ ಪ್ರಕರಣ ಕಂಡಾಗ ಇಡೀ ದೇಶ ಬೆದರಿತು. 2003ರ ಕಾನೂನಿನಂತೆ ಪ್ರತಿ ದನದ ಕಿವಿಗೂ ಹತ್ತು ಅಂಕಿಯ ಸಂಖ್ಯೆಯ ಓಲೆ ಬಂತು. ಹೋಟೆಲಿನಲ್ಲಿ ಕುಳಿತವರು ಆ ಸಂಖ್ಯೆಯಿಂದ ದನ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬೆಳೆಯಿತು ಎಂದು ನೋಡಬಹುದು.

ಕೊಬ್ಬಿಸುವವರ ಲೆಕ್ಕ

ಸಂತೆಯಲ್ಲಿ ಕರು ಕೊಂಡವರು ಅದನ್ನು ಮತ್ತೂ 20 ತಿಂಗಳಿಗಿಂತ ಹೆಚ್ಚು ಕಾಲ ಸಾಕುತ್ತಾರೆ. ಮೊದಲು ಒಣಹುಲ್ಲು ತಿನ್ನಿಸಿ ಹೊಟ್ಟೆ ಬಲಪಡಿಸುವುದು, ಆಮೇಲೆ ಮೆಕ್ಕೆಜೋಳ, ಬಾರ್ಲಿ, ಗೋಧಿ ಬೂಸಾ, ಸೋಯಾ ಹಿಂಡಿಯ ಮಿಶ್ರಣ ಏರಿಸುತ್ತ ಹೋಗುವುದು. ನಡುವಿನ ಹಂತದಲ್ಲಿ ಮೇವಿನ ವಿಟಮಿನ್ ಎ ಕಡಿಮೆ ಮಾಡಿದರೆ ಸ್ನಾಯುಗಳ ಒಳಗೆ ಕೊಬ್ಬು ಹೆಚ್ಚು ಹೆಣೆದುಕೊಳ್ಳುತ್ತದೆ. ಹದ ತಪ್ಪಿ ತೀರ ಕಡಿಮೆಯಾದರೆ ದನಕ್ಕೆ ಕಣ್ಣೇ ಹೋಗಬಹುದು. ದನಕ್ಕೆ ಬಿಯರ್ ಕುಡಿಸುತ್ತಾರೆ, ಸಂಗೀತ ಕೇಳಿಸುತ್ತಾರೆ ಎಂಬ ಕಥೆಗಳು ಪ್ರವಾಸಿಗರ ಬಾಯಲ್ಲಿ ಬೆಳೆದವು; ಅದು ರೂಢಿಯ ಪದ್ಧತಿಯಲ್ಲ. ಬ್ರಷ್‌ನಿಂದ ಮೈ ತಿಕ್ಕುವುದು ಮಾತ್ರ ನಿಜ.

ಕೋಬೆ ಎಂಬ ಹೆಸರಿಗೆ ಕಾವಲಾಗಿ 1983ರಲ್ಲಿ ಒಂದು ಸಂಘ ಸ್ಥಾಪನೆಯಾಯಿತು. ಹ್ಯೋಗೊದಲ್ಲಿ ಹುಟ್ಟಿ ಬೆಳೆದ ತಾಜಿಮಾ ಆಗಿರಬೇಕು, ಕೊಬ್ಬಿನ ಹೆಣಿಗೆಯಲ್ಲಿ 12ಕ್ಕೆ ಕನಿಷ್ಠ 6 ಅಂಕ ಬರಬೇಕು, ತೂಕಕ್ಕೂ ಮಿತಿಯುಂಟು. ಇವೆಲ್ಲದರಲ್ಲಿ ತೇರ್ಗಡೆಯಾದರೆ ಸೇವಂತಿಗೆಯ ಮುದ್ರೆ. ಹೊರದೇಶಕ್ಕೆ ರಫ್ತು ಶುರುವಾದದ್ದು 2012ರಲ್ಲಿ. ಅದಕ್ಕೂ ಹಿಂದೆ ಪರದೇಶಗಳಲ್ಲಿ ‘ಕೋಬೆ’ ಎಂದು ಮಾರಿದ್ದೆಲ್ಲ ಬರಿಯ ಹೆಸರು. ಮಾಂಸಕ್ಕೆ ಹೆಸರಾದ ಇನ್ನೊಂದು ಊರು ಮತ್ಸುಸಾಕಾದ ಅತಿ ದುಬಾರಿ ಮಾಂಸವೂ ಇದೇ ಹ್ಯೋಗೊದಿಂದ ಕೊಂಡೊಯ್ದ ಕಡಸುಗಳದ್ದೇ.

ಇಷ್ಟು ಆರೈಕೆಯ ಕೊನೆ ಕಸಾಯಿಖಾನೆ ಎಂಬುದನ್ನು ಈ ಕಸುಬಿನವರು ಮರೆಮಾಚುವುದಿಲ್ಲ. ಜಪಾನಿನ ಜಾನುವಾರು ಕೇಂದ್ರಗಳ ಬಳಿ, ಕಸಾಯಿಖಾನೆಗಳ ಬಳಿ ಪ್ರಾಣಿಗಳ ಆತ್ಮಕ್ಕೆಂದು ನಿಲ್ಲಿಸಿದ ಕಲ್ಲುಗಳನ್ನು ಕಾಣಬಹುದು. ಅವುಗಳ ಮುಂದೆ ಪ್ರಾರ್ಥನೆ ಸಲ್ಲಿಸುವ ರೂಢಿಯಿದೆ.

ಮುಚ್ಚಿದ ಬಾಗಿಲಿನ ಕಷ್ಟ

ಬೇರೆ ಪ್ರಾಂತ್ಯಗಳು ತಾಜಿಮಾ ರಕ್ತವನ್ನು ತಂದು ತಮ್ಮ ದನಗಳಿಗೆ ಸೇರಿಸಿಕೊಂಡವು. ಹ್ಯೋಗೊ ಮಾತ್ರ ಹೊರಗಿನದನ್ನು ಒಳಗೆ ಬಿಡಲಿಲ್ಲ. ಬೆಲೆ ಬಂದದ್ದು ಇದರಿಂದ, ಅಪಾಯ ಇರುವುದೂ ಇದರಲ್ಲೇ. ಬಾಗಿಲು ಮುಚ್ಚಿದ ಮನೆಯೊಳಗೆ ಸಂಬಂಧಗಳು ವರ್ಷದಿಂದ ವರ್ಷಕ್ಕೆ ಹತ್ತಿರವಾಗುತ್ತವೆ. ಒಳಸಂಬಂಧ ಹೆಚ್ಚಿದರೆ ಕರು ಸಣ್ಣದಾಗುತ್ತದೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ, ಅಡಗಿದ್ದ ವಂಶರೋಗಗಳು ತಲೆ ಎತ್ತುತ್ತವೆ. ಜಪಾನೀಸ್ ಬ್ಲ್ಯಾಕ್ ತಳಿಯಲ್ಲಿ ಮೂತ್ರಪಿಂಡ ಕೆಡಿಸುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಂಶರೋಗಗಳನ್ನು ಗುರುತಿಸಲಾಗಿದೆ. ಹೋರಿಗಳನ್ನು ಆರಿಸುವ ಮುನ್ನ ಡಿಎನ್‌ಎ ಪರೀಕ್ಷೆ ನಡೆಯುತ್ತದೆ. ಜನಪ್ರಿಯ ಹೋರಿಯ ಬೆನ್ನು ಹತ್ತದೆ, ಮಂಕಾಗುತ್ತಿರುವ ಹಳೆಯ ಸಾಲುಗಳನ್ನೂ ಉಳಿಸಿಕೊಂಡು ಸರದಿಯಲ್ಲಿ ಬಳಸುವುದು ಪ್ರಾಂತ್ಯದ ನೀತಿ. ಇಂದು ಹೆಚ್ಚು ಬೆಲೆ ತರುವ ಕರು ಬೇಕೋ, ನಾಳೆಗೆ ಬೇಕಾದ ಸಾಲು ಉಳಿಯಬೇಕೋ ಎಂಬ ಇಕ್ಕಟ್ಟು ಪ್ರತಿ ಕೊಟ್ಟಿಗೆಯಲ್ಲೂ ಇದೆ.

ಇನ್ನೊಂದು ಕಾವಲು ಹೊರಗಿನ ಕಳ್ಳರ ವಿರುದ್ಧ. 2018ರಲ್ಲಿ ವಾಗ್ಯು ವೀರ್ಯ ಮತ್ತು ಭ್ರೂಣಗಳನ್ನು ಚೀನಾಕ್ಕೆ ಸಾಗಿಸುವ ಯತ್ನ ಬಯಲಾದ ಮೇಲೆ, 2020ರಲ್ಲಿ ಅವನ್ನು ಬೌದ್ಧಿಕ ಆಸ್ತಿಯಂತೆ ರಕ್ಷಿಸುವ ಕಾನೂನು ಬಂತು. ಆದರೆ ಎಲ್ಲಕ್ಕಿಂತ ದೊಡ್ಡ ಕೊರತೆ ಮನುಷ್ಯರದ್ದು. ದನ ಸಾಕುವವರಿಗೆ ವಯಸ್ಸಾಗಿದೆ, ಮಕ್ಕಳು ಪಟ್ಟಣ ಸೇರಿದ್ದಾರೆ. ಕೊಟ್ಟಿಗೆಯೊಂದು ಮುಚ್ಚಿದರೆ ಆ ಮನೆಯಲ್ಲಿದ್ದ ತಾಯಿಸಾಲೂ ಕೊನೆಯಾಗಬಹುದು. ಮಿಕಾತಾದ ಈ ದನಗಾರಿಕೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಬಯಸುವವರಿಗೆ ಶಿನ್‌ಒನ್ಸೆನ್‌ನಲ್ಲಿ ತಾಜಿಮಾ ದನಗಳ ವಸ್ತುಸಂಗ್ರಹಾಲಯವೂ ಇದೆ.

ನಮ್ಮ ಕಡೆಗೊಮ್ಮೆ

ಉಳುವ ತಳಿಗೆ ಯಂತ್ರ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆ ಕರ್ನಾಟಕಕ್ಕೂ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಹೆಸರು ಪಡೆದ ಅಮೃತಮಹಲ್ ಫಿರಂಗಿ ಎಳೆದ ತಳಿ. ಅದಕ್ಕೆ ಅರಸರ ಆಶ್ರಯವಿತ್ತು, ವಿಸ್ತಾರವಾದ ಕಾವಲುಗಳಿದ್ದವು. ಈಗಲೂ ಅಜ್ಜಂಪುರದಲ್ಲಿ ಸರ್ಕಾರಿ ತಳಿ ಕೇಂದ್ರವಿದೆ. ತಾಜಿಮಾಕ್ಕೆ ಅರಸರಿರಲಿಲ್ಲ. ಒಂದೆರಡು ಹಸುವಿನ ಸಾವಿರಾರು ಮನೆಗಳಿದ್ದವು, ಪ್ರತಿ ಮನೆಯ ದನವನ್ನೂ ದಾಖಲಿಸಿದ ದಫ್ತರವಿತ್ತು, ಕರುವಿನ ವಂಶಕ್ಕೆ ಹಣ ಕೊಡುವ ಸಂತೆಯಿತ್ತು.

ಮಾಂಸದ ದಾರಿ ನಮ್ಮ ಕಾನೂನಿಗೂ ನಮ್ಮಲ್ಲಿ ಬಹಳ ಜನರ ಮನಸ್ಸಿಗೂ ಒಗ್ಗದು. ಅದನ್ನು ಬದಿಗಿಟ್ಟರೂ ತಾಜಿಮಾದ ಉಳಿದ ಮೂರು ಸಂಗತಿಗಳು ಎಲ್ಲಿ ಬೇಕಾದರೂ ನಡೆಯುವಂಥವು: ತಾಯಿಸಾಲನ್ನು ಬರೆದಿಡುವುದು, ಹೋರಿಯನ್ನು ಲೆಕ್ಕವಿಟ್ಟು ಹಂಚುವುದು, ಒಳ್ಳೆಯ ಕಡಸನ್ನು ಮಾರದೆ ಉಳಿಸಿಕೊಂಡ ರೈತನಿಗೆ ಆ ತ್ಯಾಗದ ಬೆಲೆ ಸಲ್ಲುವಂತೆ ಮಾಡುವುದು. ತಳಿ ಉಳಿಸಿ ಎಂದು ರೈತನಿಗೆ ಉಪದೇಶಿಸುವ ಮುನ್ನ ಈ ಮೂರನೆಯದಕ್ಕೆ ಹಣ ಎಲ್ಲಿಂದ ಎಂದು ಕೇಳಿಕೊಳ್ಳುವುದು ಒಳ್ಳೆಯದು.