ಕುರಿಹಟ್ಟಿಯ ನಾಯಿಯ ಕೆಮ್ಮು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲಿನಲ್ಲಿ ಕುರಿಗಾರನ ರಾತ್ರಿಯ ಕಾವಲುಗಾರನೆಂದರೆ ನಾಯಿಯೇ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆಯನ್ನು ನಿಲ್ಲಿಸಿ ಮಲಗಿದವನಿಗೆ ತೋಳದ ಸುಳಿವನ್ನು ಮೊದಲು ಕೊಡುವುದು ಅದರ ಬೊಗಳು. ನಾಯಿಗೆ ದೇವರ ಪರಿವಾರದಲ್ಲಿಯೇ ಸ್ಥಾನವಿತ್ತಿರುವ ಮೈಲಾರಲಿಂಗನ ಕ್ಷೇತ್ರವಿರುವುದೂ ಹಡಗಲಿ ತಾಲ್ಲೂಕಿನಲ್ಲಿಯೇ.

ಇಂತಹ ನಾಯಿ ಒಂದು ಮುಂಜಾನೆ ಕತ್ತನ್ನು ಮುಂದೆ ಚಾಚಿ ಒಣಕೆಮ್ಮು ಕೆಮ್ಮತೊಡಗುತ್ತದೆ. ಕೊನೆಗೆ ಓಕರಿಸಿ ಬಿಳಿಯ ನೊರೆಯನ್ನು ಉಗುಳುತ್ತದೆ. ನೋಡಿದವರು ಗಂಟಲಿನಲ್ಲಿ ಮೂಳೆ ಸಿಕ್ಕಿದೆಯೆಂದು ಬಗೆದು ಬಾಯಿಯೊಳಗೆ ಕೈ ಹಾಕುವುದೂ ಉಂಟು. ಆ ಕೈಯ ವಿಚಾರವನ್ನು ಮುಂದೆ ನೋಡೋಣ. ಮೊದಲು ಕೆಮ್ಮಿನ ಕಾರಣವನ್ನು ತಿಳಿಯೋಣ.

ನಾಯಿಯ ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಗಾಳಿಗೆ ತಲೆದೂಗುವ ಜೋಳದ ಹೊಲದಂತೆ ಇವು ಒಂದೇ ಲಯದಲ್ಲಿ ಬಡಿಯುತ್ತ, ಧೂಳಿನಿಂದ ತುಂಬಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಬಾರ್ಡೆಟೆಲ್ಲ ಬ್ರಾಂಕಿಸೆಪ್ಟಿಕ ಎಂಬ ಬ್ಯಾಕ್ಟೀರಿಯ ಬಂದು ಅಂಟಿಕೊಳ್ಳುವುದು ಈ ರೋಮಗಳಿಗೇ. ಅಂಟಿದ ಬಳಿಕ ಅದು ರೋಮಗಳ ಬಡಿತವನ್ನು ನಿಲ್ಲಿಸುತ್ತದೆ. ತನ್ನ ವಿಷವಸ್ತುಗಳಿಂದ ರೋಮವುಳ್ಳ ಜೀವಕೋಶಗಳನ್ನು ಕೊಲ್ಲುತ್ತದೆ. ಕಸ ಗುಡಿಸುವವರಿಲ್ಲದ ಓಣಿಯಂತೆ ಲೋಳೆ ಅಲ್ಲಿಯೇ ನಿಲ್ಲುತ್ತದೆ. ಅದನ್ನು ಹೊರಹಾಕಲು ನಾಯಿಗೆ ಉಳಿಯುವ ಉಪಾಯ ಕೆಮ್ಮೊಂದೇ.

ಈ ರೋಗಾಣುವಿನ ಚರಿತ್ರೆ ಒಂದು ತಪ್ಪು ಗ್ರಹಿಕೆಯಿಂದ ಆರಂಭವಾಗುತ್ತದೆ. 1910ರ ಸುಮಾರಿನಲ್ಲಿ ಅಮೆರಿಕದ ಫೆರಿ ಎಂಬ ವಿಜ್ಞಾನಿ ಡಿಸ್ಟೆಂಪರ್ ರೋಗದಿಂದ ನರಳುತ್ತಿದ್ದ ನಾಯಿಗಳಲ್ಲಿ ಇದನ್ನು ಕಂಡು, ಇದೇ ಆ ರೋಗದ ಮೂಲವೆಂದು ಸಾರಿದನು. ಫ್ರಾನ್ಸಿನ ಕಾರೆ 1905ರಲ್ಲಿಯೇ ಬೇರೆ ಮಾತನ್ನು ಹೇಳಿದ್ದನು: ಬ್ಯಾಕ್ಟೀರಿಯಗಳನ್ನು ತಡೆಯುವ ಸೋಸುಕದ ಮೂಲಕವೂ ಡಿಸ್ಟೆಂಪರಿನ ಕಾರಣವಸ್ತು ಹಾದುಹೋಗುತ್ತದೆ, ಅಂದರೆ ಅದೊಂದು ವೈರಸ್. 1920ರ ದಶಕದಲ್ಲಿ ಇಂಗ್ಲೆಂಡಿನ ಲೈಡ್ಲಾ ಮತ್ತು ಡಂಕಿನ್ ಕಾರೆಯ ಮಾತನ್ನೇ ಎತ್ತಿಹಿಡಿದರು. ಫೆರಿ ದಾರಿ ತಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ವೈರಸ್ ಬಾಗಿಲು ಮುರಿದ ಮನೆಗೆ ಬ್ಯಾಕ್ಟೀರಿಯ ನುಗ್ಗುವುದು ಸಾಮಾನ್ಯ. ಆತ ಕಂಡದ್ದು ಎರಡನೆಯ ಕಳ್ಳನನ್ನು.

ವಿದ್ಯಾರ್ಥಿಗಳಿಗೆ ಕುತೂಹಲವೆನಿಸಬಹುದಾದ ಇನ್ನೊಂದು ಸಂಗತಿಯುಂಟು. ನಮ್ಮ ಮಕ್ಕಳಿಗೆ ನಾಯಿಕೆಮ್ಮು ತರುವ ಬ್ಯಾಕ್ಟೀರಿಯವೂ ಇದರ ದಾಯಾದಿಯೇ. ಅದನ್ನು 1906ರಲ್ಲಿ ಬೆಳೆಸಿ ತೋರಿಸಿದವರು ಬೆಲ್ಜಿಯಂನ ಬಾರ್ಡೆ ಮತ್ತು ಜಾಂಗು. ಕುಲದ ಹೆಸರು ಬಂದಿರುವುದು ಬಾರ್ಡೆಯಿಂದ. ಎರಡರ ವಂಶವಾಹಿಗಳ ಪೂರ್ಣ ಓದು 2003ರಲ್ಲಿ ಪ್ರಕಟವಾಯಿತು. ನಾಯಿಯ ರೋಗಾಣುವಿನಲ್ಲಿ ಸುಮಾರು 53 ಲಕ್ಷ ಅಕ್ಷರಗಳಿದ್ದರೆ, ಮನುಷ್ಯನದರಲ್ಲಿ ಕೇವಲ 41 ಲಕ್ಷ! ಮನುಷ್ಯನೊಬ್ಬನನ್ನೇ ನೆಚ್ಚಿಕೊಂಡ ಮೇಲೆ ಅದು ಬೇಡವಾದ ಸಾಮಾನನ್ನೆಲ್ಲ ಕಳೆದುಕೊಂಡಿದೆ. ನಾಯಿಯದು ಬೆಕ್ಕು, ಹಂದಿ, ಮೊಲಗಳಲ್ಲಿಯೂ ನೆಲೆಸಬಲ್ಲುದು. ದೇಹಶಕ್ತಿ ಬಹಳ ಕುಂದಿದ ಮನುಷ್ಯರಿಗೆ ಅಪರೂಪವಾಗಿ ಅಂಟುವುದೂ ಉಂಟು.

ರೋಗ ಹರಡುವುದು ಕೆಮ್ಮಿನ ತುಂತುರಿನಿಂದ, ಹಲವು ನಾಯಿಗಳು ಬಾಯಿಡುವ ದೋಣಿ ಬಟ್ಟಲುಗಳಿಂದ. ಆದುದರಿಂದ ಕೆಮ್ಮುವ ನಾಯಿಯನ್ನು ಬೇರೆ ಕಟ್ಟಿ, ಬೇರೆ ಪಾತ್ರೆಯಲ್ಲಿ ನೀರಿಡಬೇಕು. ಕೊರಳಿನ ಹಗ್ಗ ಕೆಮ್ಮನ್ನು ಕೆರಳಿಸುವುದರಿಂದ ಎದೆಯ ಸುತ್ತ ಪಟ್ಟಿ ಕಟ್ಟುವುದು ಲೇಸು. ಬಲಿಷ್ಠವಾದ ನಾಯಿ ಎರಡು ಮೂರು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಜ್ವರ ಬಂದರೆ, ಮೇವು ಬಿಟ್ಟರೆ, ಉಸಿರು ಏದುಸಿರಾದರೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಮರಿಗಳಲ್ಲಿ ಇದು ನ್ಯುಮೋನಿಯಕ್ಕೆ ತಿರುಗಿ ಪ್ರಾಣ ತೆಗೆಯಬಹುದು. ಡಾಕ್ಸಿಸೈಕ್ಲಿನ್‌ನಂತಹ ಔಷಧವನ್ನು ಯಾವಾಗ, ಎಷ್ಟು ಕೊಡಬೇಕೆಂಬುದು ವೈದ್ಯರ ನಿರ್ಣಯ. ಮನೆಯಲ್ಲಿರುವ ಮನುಷ್ಯರ ಜ್ವರದ ಮಾತ್ರೆಯನ್ನು ಕೊಡುವುದಂತೂ ಅಪಾಯ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೂಗಿಗೆ ಹನಿಸುವ ಲಸಿಕೆಯೂ ಈ ರೋಗಕ್ಕೆ ಇದೆ.

ಇನ್ನು ಕೈಯ ವಿಚಾರ. ಮೂಳೆ ಸಿಕ್ಕಿದಂತೆ ತೋರುವ ಮತ್ತೊಂದು ರೋಗವಿದೆ, ಅದು ರೇಬೀಸ್. ಅದರ ಒಂದು ಬಗೆಯಲ್ಲಿ ನಾಯಿ ಹುಚ್ಚೆದ್ದು ಕಚ್ಚುವುದಿಲ್ಲ. ಕೆಳದವಡೆ ಜೋತು, ನುಂಗಲಾರದೆ ಜೊಲ್ಲು ಸುರಿಸುತ್ತ ಮೂಲೆ ಹಿಡಿಯುತ್ತದೆ. ಕೆಮ್ಮಿನ ನಾಯಿ ಸಾಮಾನ್ಯವಾಗಿ ಮೇವು ತಿನ್ನುತ್ತದೆ, ನೀರು ಕುಡಿಯುತ್ತದೆ, ಒಡೆಯನನ್ನು ಕಂಡು ಬಾಲವಾಡಿಸುತ್ತದೆ. ಆದರೆ ಈ ಭೇದವನ್ನು ನೆಚ್ಚಿ ಬಾಯಿಗೆ ಕೈ ಹಾಕಬಾರದು. ರೇಬೀಸ್ ವೈರಸ್ ಇರುವುದು ಜೊಲ್ಲಿನಲ್ಲಿ. ಬೆರಳಿನ ತರಚುಗಾಯವೂ ಅದಕ್ಕೆ ಸಾಕಾದ ದಾರಿ. ಈಗಾಗಲೇ ಕೈ ಹಾಕಿದ್ದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ವಿಚಾರವನ್ನು ಕೇಳಬೇಕು.