ಬಣವೆಗೆ ಬೆಂಕಿ ಬೀಳುವ ತಿಂಗಳು

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ರಾಗಿ ಹುಲ್ಲಿನ ಬಣವೆಗೆ ಬೆಂಕಿ, ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಹುಲ್ಲಿನ ಟ್ರ್ಯಾಕ್ಟರ್‌ಗೆ ಬೆಂಕಿ, ಪೇಟೆ ಬೀದಿಯ ಅಂಗಡಿಗೆ ನಡುರಾತ್ರಿ ಬೆಂಕಿ. ಸುದ್ದಿಯ ಕೊನೆಯ ಸಾಲೂ ಹೆಚ್ಚು ಬದಲಾಗುವುದಿಲ್ಲ: ಅಗ್ನಿಶಾಮಕ ಸಿಬ್ಬಂದಿ ಬರುವಷ್ಟರಲ್ಲಿ ಎಲ್ಲವೂ ಸುಟ್ಟು ಕರಕಲಾಗಿತ್ತು. ಇವನ್ನೆಲ್ಲ ಆಕಸ್ಮಿಕ ಎನ್ನುವುದು ನಮಗೆ ರೂಢಿಯಾಗಿದೆ. ಆದರೆ ಯಾವ ತಿಂಗಳು, ಯಾವ ಜಾಗ, ಯಾವ ಕಾರಣ ಎಂಬ ಮೂರೂ ಮೊದಲೇ ಗೊತ್ತಿರುವಾಗ ಅದು ಹೇಗೆ ಆಕಸ್ಮಿಕವಾದೀತು? ಸಣ್ಣ ಊರಿನಲ್ಲಿ ಬೆಂಕಿ ಆರಿಸುವ ಕೆಲಸ ಗಾಡಿ ಠಾಣೆಯಿಂದ ಹೊರಟಾಗಲ್ಲ, ಅದಕ್ಕೆ ಎಷ್ಟೋ ದಿನ ಮೊದಲೇ ಶುರುವಾಗಬೇಕು.

ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತಿಪಟೂರನ್ನೇ ನೋಡಿ. ಸುತ್ತಲಿನ ತೋಟದ ಮನೆಗಳಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಒಣಗಿದ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಎಣ್ಣೆಯೇ. ವರ್ಷದ ದುಡಿಮೆಯೆಲ್ಲ ಹಾಗೆ ತಲೆಯ ಮೇಲೆ, ಉರಿಯಲು ಸಿದ್ಧವಾಗಿ ಕೂತಿರುತ್ತದೆ. ಹೊರಗೆ ಸಿಪ್ಪೆಯ ರಾಶಿ. ಇಂಥ ರಾಶಿಗೆ ಬೆಂಕಿ ಬಿದ್ದರೆ ಮೇಲಿನಿಂದ ನೀರು ಹೊಡೆದಾಗ ಉರಿಯೇನೋ ಅಡಗುತ್ತದೆ, ನಾರಿನೊಳಗೆ ಇಳಿದ ಕೆಂಡ ಮಾತ್ರ ಹೊಗೆಯಾಡುತ್ತಲೇ ಇದ್ದು ಗಾಳಿ ಬೀಸಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ರಾಶಿಯನ್ನು ಕೆದಕಿ, ಹರಡಿ, ಪದರ ಪದರವಾಗಿ ನೆನೆಸದೆ ಅದು ಆರುವುದಿಲ್ಲ. ಅಲ್ಲಿ ನೀರಿನ ಗಾಡಿಯಷ್ಟೇ ಮುಖ್ಯ ಜೆಸಿಬಿ. ನಡುರಾತ್ರಿ ಯಾವ ಜೆಸಿಬಿ ಮಾಲೀಕನಿಗೆ ಫೋನ್ ಮಾಡಬೇಕೆಂಬುದು ಠಾಣೆಯ ಗೋಡೆಯ ಮೇಲೆ ಬರೆದಿರಬೇಕು. ಪೇಟೆ ಬೀದಿಯ ಕಥೆ ಬೇರೆ. ಹಳೆಯ ಅಂಗಡಿಯ ಪಿಂಗಾಣಿ ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಂತಿ ಸುತ್ತಿರುತ್ತಾರೆ. ಆಮೇಲೆ ಫ್ರಿಜ್ಜು, ಫ್ಯಾನು, ಬೋರ್ಡಿನ ದೀಪ ಎಲ್ಲ ಒಟ್ಟಿಗೆ ಉರಿದರೂ ಫ್ಯೂಸ್ ಕರಗುವುದಿಲ್ಲ. ಅದರ ಬದಲು ಗೋಡೆಯೊಳಗಿನ ವೈರು ಕಾಯುತ್ತದೆ, ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆ, ಒಂದು ದಿನ ಕಿಡಿ ಹಾರುತ್ತದೆ. ಮರುದಿನದ ಸುದ್ದಿಯಲ್ಲಿ ಇಷ್ಟೆಲ್ಲಕ್ಕೂ ‘ಶಾರ್ಟ್ ಸರ್ಕ್ಯೂಟ್’ ಎಂಬ ಒಂದೇ ಮಾತು.

ಗಾಡಿಗಳನ್ನು ಹೆಚ್ಚಿಸಿದರೆ ಸಾಲದೇ ಎಂದು ಕೇಳಬಹುದು. ಹೆಚ್ಚಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ಬಲಪಡಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದದ್ದೂ ಈ ಕೊರತೆ ನಿಜವಾದ್ದರಿಂದಲೇ. ಆದರೆ ಲೆಕ್ಕ ಹಾಕಿ ನೋಡಿ. ಹಳ್ಳಿಗಾಡಿನಲ್ಲಿ ಕರೆ ಬಂದ 20 ನಿಮಿಷದೊಳಗೆ ಗಾಡಿ ತಲುಪಬೇಕೆಂಬುದು ದೇಶದಲ್ಲಿ ಒಪ್ಪಿಕೊಂಡಿರುವ ಅಳತೆ. ತಾಲ್ಲೂಕಿನ ಅಂಚಿನ ಊರಿಗೆ ಅದು ಕಷ್ಟವೇ. ತಲುಪಿತೆಂದೇ ಇಟ್ಟುಕೊಳ್ಳಿ, ಒಣ ಬಣವೆ ಅಷ್ಟು ಹೊತ್ತು ಕಾಯುವುದಿಲ್ಲ. ಸಾಮಾನ್ಯ ಗಾಡಿಯೊಂದು ಹೊತ್ತು ತರುವುದು ಸುಮಾರು 4,500 ಲೀಟರ್ ನೀರು. ಪೂರ್ತಿ ಒತ್ತಡದಲ್ಲಿ ಹೊಡೆದರೆ ಅದು ಕೆಲವೇ ನಿಮಿಷಕ್ಕೆ ಖಾಲಿ. ಮತ್ತೆ ತುಂಬಿಸುವುದು ಎಲ್ಲಿ? ಏಪ್ರಿಲ್‌ನಲ್ಲಿ ಕೆರೆ ಬತ್ತಿರುತ್ತದೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಬೋರ್‌ವೆಲ್ ಓಡುವುದಿಲ್ಲ. ಯಾವ ಓವರ್‌ಹೆಡ್ ಟ್ಯಾಂಕಿನ ಕೆಳಗೆ ಗಾಡಿ ನಿಲ್ಲಿಸಿ ನೀರು ಹಿಡಿಯಬಹುದು, ಅದರ ವಾಲ್ವ್ ತಿರುಗಿಸುವ ನೀರುಗಂಟಿ ಯಾರು ಎಂಬುದು ಗೊತ್ತಿಲ್ಲದಿದ್ದರೆ ಎರಡನೆಯ ಗಾಡಿಯೂ ಮೊದಲನೆಯದರ ಹಿಂದೆ ಖಾಲಿಯಾಗಿ ನಿಲ್ಲುತ್ತದೆ.

ರೈತನಿಗೆ ಜಾಗವೆಲ್ಲಿದೆ, ಬಣವೆಯನ್ನು ಮನೆಯಿಂದ ದೂರ, ತಂತಿಯಿಂದ ದೂರ ಹಾಕು ಎನ್ನುವುದು ಸುಲಭ ಎಂಬ ಆಕ್ಷೇಪವೂ ಇದೆ. ನ್ಯಾಯವಾದದ್ದೇ. ಹಿತ್ತಿಲು ಬಿಟ್ಟರೆ ಬೇರೆ ಜಾಗವಿಲ್ಲದವನಿಗೆ ಉಪದೇಶ ಹೇಳಿ ಫಲವಿಲ್ಲ. ಆದರೆ ಒಂದೇ ದೊಡ್ಡ ಬಣವೆಯ ಬದಲು ನಡುವೆ ಜಾಗ ಬಿಟ್ಟು ಎರಡು ಸಣ್ಣವನ್ನು ಒಟ್ಟಿದರೆ ಒಂದಾದರೂ ದನಗಳಿಗೆ ಉಳಿದೀತು. ಜೋತುಬಿದ್ದ ತಂತಿಯನ್ನು ಎಳೆದು ಕಟ್ಟುವುದಂತೂ ರೈತನ ಹೊಣೆಯಲ್ಲ, ವಿದ್ಯುತ್ ಕಂಪನಿಯದು. ನಿರ್ಲಕ್ಷ್ಯಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ತಮಿಳುನಾಡಿನ ಕುಂಭಕೋಣಂ ಕಂಡಿದೆ. 2004ರ ಜುಲೈ 16ರಂದು ಅಲ್ಲಿನ ಶಾಲೆಯ ಅಡುಗೆ ಒಲೆಯ ಬೆಂಕಿ ಗರಿಯ ಸೂರಿಗೆ ಹತ್ತಿ 94 ಮಕ್ಕಳು ಸತ್ತರು. ಆ ಗರಿಯ ಸೂರು, ಆ ಇಕ್ಕಟ್ಟಾದ ಮೆಟ್ಟಿಲು ಅಂದು ಹುಟ್ಟಿಕೊಂಡವಲ್ಲ, ದಿನವೂ ಎಲ್ಲರ ಕಣ್ಣೆದುರೇ ಇದ್ದವು.

ಪ್ರತಿ ಠಾಣೆಯಲ್ಲೂ ಕರೆಗಳ ದಾಖಲೆ ಇರುತ್ತದೆ: ಎಷ್ಟು ಹೊತ್ತಿಗೆ ಕರೆ ಬಂತು, ಎಲ್ಲಿಂದ, ಏನು ಸುಟ್ಟಿತು, ಕಾರಣವೇನು. ಐದು ವರ್ಷದ ಪುಟಗಳನ್ನು ಊರಿನ ನಕ್ಷೆಯ ಮೇಲೆ ಚುಕ್ಕೆ ಇಟ್ಟು ಗುರುತಿಸಿದರೆ ಲೈನ್‌ಮನ್ ಮೊದಲು ಯಾವ ಬೀದಿಗೆ ಹೋಗಬೇಕು, ನಗರಸಭೆ ಯಾವ ಓಣಿಯ ಒತ್ತುವರಿ ಮೊದಲು ತೆಗೆಸಬೇಕು ಎಂಬುದು ಕಾಣುತ್ತದೆ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ನಾಲ್ಕು ಇಲಾಖೆಯವರು ಒಂದು ದಿನ ಒಟ್ಟಿಗೆ ಕೂರಬೇಕು. ಇನ್ನೊಂದು ಮಾತು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಅದೇ ದಿನದಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ಗೌರವ ಹಾಗೆಯೇ ಉಳಿಯಲಿ. ಆದರೆ ಬಯಲುಸೀಮೆಯಲ್ಲಿ ಆ ಹೊತ್ತಿಗೆ ಶಾಲೆಗಳಿಗೆ ರಜೆ ಬಂದಿರುತ್ತದೆ, ಅರ್ಧ ಬೇಸಿಗೆಯೂ ಕಳೆದಿರುತ್ತದೆ. ಒದ್ದೆ ಗೋಣಿಚೀಲದಿಂದ ಸಿಲಿಂಡರ್ ಬೆಂಕಿ ಆರಿಸುವುದನ್ನೂ 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ ಊರಿನ ಗುರುತು ಸರಿಯಾಗಿ ಹೇಳುವುದನ್ನೂ ಕಲಿಸಬೇಕಾದದ್ದು ಜನವರಿಯಲ್ಲಿ, ಕಣದಲ್ಲಿ, ಹೊಸ ಬಣವೆಗೆ ಇನ್ನೂ ಹುಲ್ಲು ಒಟ್ಟುತ್ತಿರುವಾಗ.